ಫಾಯ್ಟ್–ಆಂಡ್ರೆಟ್ಟಿ: ಅಮೆರಿಕದ ರೇಸಿಂಗ್ ಸವ್ಯಸಾಚಿಗಳ ಪೈಪೋಟಿ

ಎ. ಜೆ. ಫಾಯ್ಟ್ (ಜನನ 1935) ಮತ್ತು ಮಾರಿಯೋ ಆಂಡ್ರೆಟ್ಟಿ (ಜನನ 1940) ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ಕಾರ್ ರೇಸಿಂಗನ್ನು ಆಳಿದ ಇಬ್ಬರು ಚಾಲಕರು. ಮೂರು ದಶಕಗಳ ಕಾಲ ಪರಸ್ಪರ ಎದುರಾಳಿಗಳು. ಇಬ್ಬರೂ ಒಂದೇ ಬಗೆಯ ಕಾರಿಗೆ ಅಂಟಿಕೊಂಡವರಲ್ಲ. ಮಣ್ಣಿನ ಟ್ರ್ಯಾಕು, ಡಾಂಬರಿನ ಓವಲ್, ತಿರುವುಮುರುವಿನ ರೋಡ್ ಕೋರ್ಸು, ಇಪ್ಪತ್ನಾಲ್ಕು ಗಂಟೆಯ ರೇಸು, ಹೀಗೆ ಕೈಯಿಟ್ಟ ಕಡೆಯೆಲ್ಲ ಗೆದ್ದವರು. ಇಂಡಿಯಾನಾಪೊಲಿಸ್ 500 ಮತ್ತು ಡೇಟೋನಾ 500 ಎರಡನ್ನೂ ಗೆದ್ದವರು ಇಂದಿಗೂ ಇವರಿಬ್ಬರೇ. ಆ ಎರಡರ ಜೊತೆಗೆ ಲೆ ಮಾನ್‌ನ 24 ಗಂಟೆಯ ರೇಸನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಉಳಿಯುವವನು ಫಾಯ್ಟ್ ಒಬ್ಬನೇ. ಲೆ ಮಾನ್ ಬದಲು ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಪಟ್ಟವನ್ನು ಇಟ್ಟರೆ ಆಂಡ್ರೆಟ್ಟಿ ಒಬ್ಬನೇ.

ಯಾರು ದೊಡ್ಡವರು ಎಂಬ ವಾದ ಇತ್ಯರ್ಥವಾಗದೆ ಉಳಿದದ್ದಕ್ಕೆ ಕಾರಣವೂ ಇದೇ. ಒಬ್ಬ ತನ್ನ ಅತಿ ದೊಡ್ಡ ಗೆಲುವುಗಳನ್ನು ಪಡೆದ ಕಣದಲ್ಲಿ ಇನ್ನೊಬ್ಬ ಬಹುಪಾಲು ಇರಲೇ ಇಲ್ಲ. ಇಬ್ಬರೂ ಒಂದೇ ಪಟ್ಟಕ್ಕಾಗಿ, ಹೆಚ್ಚುಕಡಿಮೆ ಸಮಬಲದಲ್ಲಿ, ವರ್ಷವಿಡೀ ಕಾದಾಡಿದ್ದು 1965ರಿಂದ 1969ರವರೆಗೆ ಮಾತ್ರ. ಮುಂದಿನ ಇಪ್ಪತ್ತೈದು ವರ್ಷ ಜನ ಇವರನ್ನು ಎದುರಾಳಿಗಳೆಂದು ಕರೆದದ್ದು ಆ ಐದು ವರ್ಷಗಳ ಸಾಲದ ಮೇಲಿನ ಬಡ್ಡಿಯಿಂದ.

ಎಲ್ಲವನ್ನೂ ಬೇಡುತ್ತಿದ್ದ ಚಾಂಪಿಯನ್‌ಷಿಪ್

ಇಂಥ ಪೈಪೋಟಿ ಸಾಧ್ಯವಾದದ್ದು ಆಗಿನ ರೇಸಿಂಗ್ ವ್ಯವಸ್ಥೆಯಿಂದ. ಯುನೈಟೆಡ್ ಸ್ಟೇಟ್ಸ್ ಆಟೊ ಕ್ಲಬ್ (ಯುಸ್ಯಾಕ್) ನಡೆಸುತ್ತಿದ್ದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಒಂದೇ ಬಗೆಯ ಟ್ರ್ಯಾಕಿನ ಸರಣಿಯಾಗಿರಲಿಲ್ಲ. ಮೇ ತಿಂಗಳ ಕೊನೆಗೆ ಇಂಡಿಯಾನಾಪೊಲಿಸ್‌ನ ಎರಡೂವರೆ ಮೈಲಿಯ ಓವಲ್‌ನಲ್ಲಿ 200 ಸುತ್ತು ಹೊಡೆದವನು ಬೇಸಿಗೆ ಮುಗಿಯುವ ಹೊತ್ತಿಗೆ ಸ್ಪ್ರಿಂಗ್‌ಫೀಲ್ಡ್, ಡುಕ್ವಾಯ್ನ್, ಸ್ಯಾಕ್ರಮೆಂಟೊಗಳ ಜಾತ್ರೆ ಮೈದಾನದಲ್ಲಿ, ಕುದುರೆ ಓಡಿಸಲೆಂದು ಮಾಡಿದ ಒಂದು ಮೈಲಿಯ ಮಣ್ಣಿನ ಟ್ರ್ಯಾಕಿನಲ್ಲಿ ಓಡಬೇಕಿತ್ತು. 1965ರಿಂದ ರೋಡ್ ಕೋರ್ಸುಗಳೂ ಬಂದು ಸೇರಿದವು. ಕೊಲೊರಾಡೊದ ಪೈಕ್ಸ್ ಪೀಕ್ ಬೆಟ್ಟದ ಮಣ್ಣುರಸ್ತೆ ಹತ್ತುವ ಸ್ಪರ್ಧೆಗೂ ಆ ವರ್ಷಗಳಲ್ಲಿ ಇದೇ ಚಾಂಪಿಯನ್‌ಷಿಪ್ಪಿನ ಅಂಕ ಸಿಗುತ್ತಿತ್ತು.

ಮಣ್ಣಿನ ಟ್ರ್ಯಾಕಿನ ಕೆಲಸವೇ ಬೇರೆ. ಎಡಕ್ಕೆ ತಿರುಗಬೇಕಾದ ಕಡೆ ಚಾಲಕ ಸ್ಟೀರಿಂಗನ್ನು ಬಲಕ್ಕೆ ಹಿಡಿದಿರುತ್ತಾನೆ. ಆಕ್ಸಿಲರೇಟರ್ ಒತ್ತಿ ಹಿಂದಿನ ಚಕ್ರಗಳನ್ನು ಬೇಕೆಂದೇ ಜಾರಿಸಿ, ಕಾರು ಅಡ್ಡಡ್ಡ ಓಡುತ್ತಿರುವಾಗಲೇ ತಿರುವು ದಾಟುತ್ತಾನೆ. ಮುಂದಿನ ಕಾರಿನ ಚಕ್ರ ಎರಚುವ ಮಣ್ಣುಹೆಂಟೆ ಮುಖಕ್ಕೆ ಬಡಿಯುತ್ತದೆ. ರೇಸು ಸಾಗಿದಂತೆ ಟ್ರ್ಯಾಕಿನ ಮೇಲ್ಮೈ ಬದಲಾಗುತ್ತ ಹೋಗುತ್ತದೆ; ಬೆಳಿಗ್ಗೆ ಹಸಿಯಾಗಿದ್ದ ಮಣ್ಣು ಸಂಜೆಗೆ ಒಣಗಿ ಕಲ್ಲಿನಂತಾಗಿರುತ್ತದೆ. ಇಲ್ಲಿ ಪಳಗಿದವನು ಡಾಂಬರಿನ ಮೇಲೆ ತಡಬಡಾಯಿಸುವುದೂ, ಡಾಂಬರಿನ ಹುಲಿ ಇಲ್ಲಿ ಬೆಕ್ಕಾಗುವುದೂ ಮಾಮೂಲು. ಎರಡೂ ಕಡೆ ಗೆಲ್ಲುತ್ತಿದ್ದವರು ಬೆರಳೆಣಿಕೆಯಷ್ಟು ಮಂದಿ.

ಅಂಕ ಕೊಡುವ ರೀತಿಯನ್ನು ತಿಳಿಯದೆ ಆ ವರ್ಷಗಳ ಫಲಿತಾಂಶ ಅರ್ಥವಾಗುವುದಿಲ್ಲ. ಗೆದ್ದವನಿಗೆ ರೇಸಿನ ದೂರದ ಪ್ರತಿ ಮೈಲಿಗೆ ಎರಡು ಅಂಕ. 100 ಮೈಲಿಯ ಮಣ್ಣಿನ ರೇಸಿಗೆ 200, ಇಂಡಿಯಾನಾಪೊಲಿಸ್ ಒಂದಕ್ಕೇ 1,000. ಅಲ್ಲಿ ಮೂರನೆಯವನಾಗಿ ಬಂದರೂ 700 ಅಂಕ, ಅಂದರೆ ಮೂರು ಮಣ್ಣಿನ ರೇಸು ಗೆದ್ದುದಕ್ಕಿಂತ ಹೆಚ್ಚು. ಈ ಲೆಕ್ಕ ಒಮ್ಮೆ ಆಂಡ್ರೆಟ್ಟಿಯ ಕೈ ಹಿಡಿಯಿತು, ಒಮ್ಮೆ ಫಾಯ್ಟ್‌ನ ಕೈ ಹಿಡಿಯಿತು.

ಹ್ಯೂಸ್ಟನ್ನಿನ ಗ್ಯಾರೇಜು, ಲುಕ್ಕಾದ ಶಿಬಿರ

ಆಂಟನಿ ಜೋಸೆಫ್ ಫಾಯ್ಟ್ ಹುಟ್ಟಿದ್ದು ಟೆಕ್ಸಸ್‌ನ ಹ್ಯೂಸ್ಟನ್‌ನಲ್ಲಿ. ಅಪ್ಪ ಟೋನಿ ಗ್ಯಾರೇಜು ನಡೆಸುತ್ತಿದ್ದ, ಮಿಡ್ಜೆಟ್ ಎಂಬ ಪುಟ್ಟ ರೇಸ್ ಕಾರುಗಳನ್ನು ಓಡಿಸುತ್ತಿದ್ದ. ಮಗ ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಮೆಕ್ಯಾನಿಕ್ ಕೆಲಸಕ್ಕೆ ಇಳಿದ. ಕಾರು ಓಡಿಸುವುದಕ್ಕೆ ಮೊದಲು ಬಿಚ್ಚಿ ಜೋಡಿಸಲು ಕಲಿತ ಈ ಸ್ವಭಾವ ಅವನನ್ನು ಕೊನೆಯವರೆಗೂ ಬಿಡಲಿಲ್ಲ. 1958ರಲ್ಲಿ ಮೊದಲ ಸಲ ಇಂಡಿಯಾನಾಪೊಲಿಸ್‌ನಲ್ಲಿ ಓಡಿದ. 1960ರಲ್ಲಿ ರಾಷ್ಟ್ರೀಯ ಚಾಂಪಿಯನ್, 1961ರಲ್ಲಿ ಇಂಡಿಯಾನಾಪೊಲಿಸ್ ವಿಜಯಿ. 1964ರಲ್ಲಿ ಚಾಂಪಿಯನ್‌ಷಿಪ್ಪಿನ 13 ರೇಸುಗಳ ಪೈಕಿ 10 ಗೆದ್ದ, ಅದರಲ್ಲಿ ಮೊದಲ ಏಳು ಸಾಲಾಗಿ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಅವನು ಗೆದ್ದದ್ದು ಎಂಜಿನ್ ಮುಂದಿರುವ ಹಳೆಯ ರೋಡ್‌ಸ್ಟರ್ ಕಾರಿನಲ್ಲಿ. ಅಂಥ ಕಾರು ಅಲ್ಲಿ ಮತ್ತೆ ಗೆಲ್ಲಲಿಲ್ಲ.

ಆಂಡ್ರೆಟ್ಟಿಯ ಹುಟ್ಟೂರು ಮೊಂಟೋನಾ. ಆಗ ಇಟಲಿಯಲ್ಲಿದ್ದ ಈ ಊರು ಯುದ್ಧದ ನಂತರ ಯುಗೊಸ್ಲಾವಿಯಾ ಪಾಲಾಯಿತು, ಈಗ ಕ್ರೊಯೇಷಿಯಾದಲ್ಲಿದೆ. 1948ರಲ್ಲಿ ಮನೆ ತೊರೆದ ಕುಟುಂಬ ಲುಕ್ಕಾ ಪಟ್ಟಣದ ನಿರಾಶ್ರಿತರ ಶಿಬಿರದಲ್ಲಿ ಏಳು ವರ್ಷ ಕಳೆಯಿತು. 1954ರಲ್ಲಿ ಮೊಂಜಾದಲ್ಲಿ ಆಲ್ಬರ್ಟೊ ಅಸ್ಕಾರಿಯ ಓಟ ನೋಡಿದ ಹುಡುಗ ಮಾರಿಯೋಗೆ ರೇಸಿನ ಹುಚ್ಚು ಹತ್ತಿತು. 1955ರಲ್ಲಿ ಮನೆಯವರೆಲ್ಲ ಅಮೆರಿಕಕ್ಕೆ ಹೋಗಿ ಪೆನ್ಸಿಲ್ವೇನಿಯಾದ ನ್ಯಾಜರೆತ್ ಎಂಬ ಊರಲ್ಲಿ ನೆಲೆಸಿದರು. ಆ ಊರಲ್ಲಿ ಅರ್ಧ ಮೈಲಿಯ ಒಂದು ಮಣ್ಣಿನ ಟ್ರ್ಯಾಕು ಇತ್ತು. ಮಾರಿಯೋ ಮತ್ತು ಅವಳಿ ಸೋದರ ಆಲ್ಡೊ 1948ರ ಮಾಡೆಲ್ಲಿನ ಒಂದು ಹಡ್ಸನ್ ಕಾರನ್ನು ರೇಸಿಗೆ ಸಜ್ಜು ಮಾಡಿ, 1959ರಲ್ಲಿ ಅಪ್ಪನಿಗೆ ಹೇಳದೆ ಸರದಿಯಂತೆ ಓಡಿಸತೊಡಗಿದರು. ಆ ವರ್ಷವೇ ಆಲ್ಡೊ ಅಪಘಾತದಲ್ಲಿ ಪ್ರಜ್ಞೆ ತಪ್ಪಿ ಆಸ್ಪತ್ರೆ ಸೇರಿದಾಗ ಗುಟ್ಟು ಬಯಲಾಯಿತು. ಮಾರಿಯೋ ಓಡಿಸುವುದನ್ನು ನಿಲ್ಲಿಸಲಿಲ್ಲ.

1964ರಲ್ಲಿ ಅಮೆರಿಕದ ಪೌರತ್ವ ಪಡೆದ ಆಂಡ್ರೆಟ್ಟಿ ಅದೇ ವರ್ಷ ಡೀನ್ ವ್ಯಾನ್ ಲೈನ್ಸ್ ತಂಡ ಸೇರಿದ. ಮುಖ್ಯ ಮೆಕ್ಯಾನಿಕ್ ಕ್ಲಿಂಟ್ ಬ್ರಾನರ್. 1958ರಲ್ಲಿ ಫಾಯ್ಟ್ ತನ್ನ ಮೊದಲ ಇಂಡಿಯಾನಾಪೊಲಿಸ್ ಓಡಿಸಿದ್ದೂ ಇದೇ ತಂಡದ ಕಾರಿನಲ್ಲಿ, ಇದೇ ಬ್ರಾನರ್ ಕೈಕೆಳಗೆ. ಒಂದೇ ಗರಡಿಯಿಂದ ಬಂದ ಇಬ್ಬರೂ ಮರುವರ್ಷ ಎದುರುಬದುರಾದರು.

1965: ಬೆನ್ನು ಮುರಿದವನು, ಹೊಸದಾಗಿ ಬಂದವನು

1965ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನಡೆದ ಸ್ಟಾಕ್ ಕಾರ್ ರೇಸಿನಲ್ಲಿ ಫಾಯ್ಟ್‌ನ ಬ್ರೇಕು ಕೈಕೊಟ್ಟಿತು. ಮುಂದಿನ ಕಾರುಗಳಿಗೆ ಗುದ್ದುವುದನ್ನು ತಪ್ಪಿಸಲು ಹೊರಕ್ಕೆ ತಿರುಗಿಸಿದ ಕಾರು ದಿಬ್ಬದಿಂದ ಪಲ್ಟಿ ಹೊಡೆಯಿತು. ಮೊದಲು ಬಂದ ವೈದ್ಯರು ಆಸೆ ಬಿಟ್ಟಿದ್ದರು. ಅವನಲ್ಲಿ ಇನ್ನೂ ಚಲನೆ ಇರುವುದನ್ನು ಗಮನಿಸಿ ಬಾಯೊಳಗಿನ ಮಣ್ಣು ಬಗೆದು ತೆಗೆದವನು ಮತ್ತೊಬ್ಬ ಚಾಲಕ ಪಾರ್ನೆಲಿ ಜೋನ್ಸ್ ಎಂಬುದು ರೇಸಿಂಗ್ ವಲಯದಲ್ಲಿ ಎಲ್ಲರೂ ಹೇಳುವ ಸಂಗತಿ. ಬೆನ್ನುಮೂಳೆ ಮುರಿದಿತ್ತು. ಅಷ್ಟಾದರೂ ಮೇ ತಿಂಗಳಲ್ಲಿ ಇಂಡಿಯಾನಾಪೊಲಿಸ್‌ನ ಅರ್ಹತಾ ಸುತ್ತಿನಲ್ಲಿ ಎಲ್ಲರಿಗಿಂತ ವೇಗವಾಗಿ ಓಡಿ ಪೋಲ್ ಹಿಡಿದವನು ಫಾಯ್ಟ್‌ನೇ.

ರೇಸಿನಲ್ಲಿ ಅವನ ಕಾರು ಅರ್ಧದಲ್ಲಿ ನಿಂತಿತು. ಮೊದಲ ಸಲ ಅಲ್ಲಿ ಓಡಿದ ಆಂಡ್ರೆಟ್ಟಿ ಮೂರನೆಯವನಾಗಿ ಬಂದ; 700 ಅಂಕ ಜೇಬಿಗಿಳಿಯಿತು. ಆ ವರ್ಷ ಆಂಡ್ರೆಟ್ಟಿ ಗೆದ್ದದ್ದು ಒಂದೇ ಒಂದು ರೇಸು, ಅದೂ ರೋಡ್ ಕೋರ್ಸಿನಲ್ಲಿ. ಅದಕ್ಕಿಂತ ಹೆಚ್ಚು ಗೆಲುವು ಕಂಡ ಫಾಯ್ಟ್ ಎರಡನೆಯವನಾದ. 25 ವರ್ಷದ ಹುಡುಗ ಚಾಂಪಿಯನ್. ತಪ್ಪದೆ ಗುರಿ ಮುಟ್ಟಿ ಅಂಕ ಕೂಡಿಹಾಕಿದ ಈ ಗೆಲುವನ್ನು ಅದೃಷ್ಟವೆಂದು ತಳ್ಳಿಹಾಕುವವರ ಬಾಯನ್ನು ಆಂಡ್ರೆಟ್ಟಿ 1966ರಲ್ಲಿ ಎಂಟು ರೇಸು ಗೆದ್ದು, ಮತ್ತೆ ಚಾಂಪಿಯನ್ ಆಗಿ ಮುಚ್ಚಿಸಿದ. ಆ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಹಸಿರು ಬಾವುಟ ಬಿದ್ದ ಕೂಡಲೇ ನಡೆದ ಸರಣಿ ಅಪಘಾತದಲ್ಲಿ 11 ಕಾರು ಹೊರಬಿದ್ದವು. ಫಾಯ್ಟ್‌ನದೂ ಅದರಲ್ಲಿ ಒಂದು.

1967

ಇಬ್ಬರ ಪೈಪೋಟಿಯನ್ನು ಒಂದೇ ವರ್ಷದಲ್ಲಿ ನೋಡಬೇಕೆಂದರೆ 1967ನ್ನು ನೋಡಬೇಕು. ಅಂಥ ವರ್ಷ ಅಮೆರಿಕದ ರೇಸಿಂಗಿಗೆ ಮತ್ತೆ ಬಂದಿಲ್ಲ ಎಂಬುದು ಈ ಲೇಖಕನ ಅಭಿಪ್ರಾಯ.

ಫೆಬ್ರುವರಿಯಲ್ಲಿ ಡೇಟೋನಾ 500. ಇದು ದಕ್ಷಿಣದ ಸ್ಟಾಕ್ ಕಾರ್ ಚಾಲಕರ ತವರು. ಹೊರಗಿನವರು ಬಂದು ಗೆಲ್ಲುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಹೋಲ್ಮನ್–ಮೂಡಿ ತಂಡದ ಫೋರ್ಡ್ ಹತ್ತಿದ ಆಂಡ್ರೆಟ್ಟಿ, 31 ಡಿಗ್ರಿ ಓರೆಯಿದ್ದ ತಿರುವುಗಳಲ್ಲಿ ಕಾರಿನ ಹಿಂಭಾಗವನ್ನು ಮಣ್ಣಿನ ಟ್ರ್ಯಾಕಿನಲ್ಲಿ ಮಾಡುವಂತೆ ಜಾರಲು ಬಿಟ್ಟು ಓಡಿಸಿದ. 200 ಸುತ್ತುಗಳಲ್ಲಿ 112ರಲ್ಲಿ ಅವನೇ ಮುಂದು. ಗೆದ್ದ. ಏಪ್ರಿಲ್ 1ರಂದು ಸೆಬ್ರಿಂಗ್‌ನಲ್ಲಿ 12 ಗಂಟೆಯ ರೇಸು: ಫೋರ್ಡಿನ ಹೊಸ ಮಾರ್ಕ್ 4 ಕಾರಿನಲ್ಲಿ ಆಂಡ್ರೆಟ್ಟಿ ಮತ್ತು ನ್ಯೂಜಿಲೆಂಡಿನ ಬ್ರೂಸ್ ಮೆಕ್‌ಲಾರೆನ್ ಮೊದಲನೆಯವರು. ಎರಡನೆಯ ಸ್ಥಾನ ಫೋರ್ಡಿನದೇ ಹಳೆಯ ಮಾರ್ಕ್ 2 ಕಾರಿಗೆ. ಅದನ್ನು ಓಡಿಸಿದವರು ಫಾಯ್ಟ್ ಮತ್ತು ಲಾಯ್ಡ್ ರೂಬಿ. ಅಲ್ಲಿಗೆ ವರ್ಷ ಪೂರ್ತಿ ಆಂಡ್ರೆಟ್ಟಿಯದೇ ಎಂಬಂತಿತ್ತು.

ಮೇ ತಿಂಗಳಲ್ಲಿ ಗಾಳಿ ತಿರುಗಿತು. ಇಂಡಿಯಾನಾಪೊಲಿಸ್‌ನಲ್ಲಿ ಪೋಲ್ ಹಿಡಿದ ಆಂಡ್ರೆಟ್ಟಿಯ ಕಾರಿನ ಚಕ್ರ ಕಳಚಿಕೊಂಡಿತು. ಉಳಿದವರನ್ನೆಲ್ಲ ಹಿಂದಿಕ್ಕಿ ಓಡುತ್ತಿದ್ದದ್ದು ಆಂಡಿ ಗ್ರಾನಟೆಲ್ಲಿ ತಯಾರಿಸಿದ, ವಿಮಾನದ ಬಗೆಯ ಟರ್ಬೈನ್ ಎಂಜಿನ್ನಿನ ಕೆಂಪು ಕಾರು. ಓಡಿಸುತ್ತಿದ್ದವನು ಎರಡು ವರ್ಷದ ಹಿಂದೆ ಫಾಯ್ಟ್‌ನ ಜೀವ ಉಳಿಸಿದ ಪಾರ್ನೆಲಿ ಜೋನ್ಸ್. ಗುರಿ ಮೂರು ಸುತ್ತು ದೂರವಿದ್ದಾಗ ಗೇರ್‌ಬಾಕ್ಸಿನ ಒಂದು ಬೇರಿಂಗು ಮುರಿದು ಆ ಕಾರು ಸದ್ದಿಲ್ಲದೆ ನಿಂತಿತು. ಫಾಯ್ಟ್ ಮುಂದಾದ. ಕೊನೆಯ ಸುತ್ತಿನ ಕೊನೆಯ ತಿರುವು ದಾಟಿದರೆ ಎದುರಿಗೆ, ಗುರಿಯ ಗೆರೆಯ ಮುಂದೆಯೇ, ಹಲವು ಕಾರು ಒಂದಕ್ಕೊಂದು ಬಡಿದು ಹೊಗೆ ಎಬ್ಬಿಸಿ ಚೆಲ್ಲಾಪಿಲ್ಲಿಯಾಗಿ ಬಿದ್ದಿವೆ. ಫಾಯ್ಟ್ ವೇಗ ಇಳಿಸಿ, ಅವುಗಳ ನಡುವೆ ಸಂದು ಹುಡುಕಿ ನುಸುಳಿ ಗೆರೆ ದಾಟಿದ. ಮೂರನೆಯ ಇಂಡಿಯಾನಾಪೊಲಿಸ್ ಗೆಲುವು, ಅದೂ ತನ್ನದೇ ತಂಡ ಕಟ್ಟಿದ ಕಯೊಟಿ ಕಾರಿನಲ್ಲಿ.

ಹತ್ತು ದಿನದ ಮೇಲೆ ಫ್ರಾನ್ಸಿನ ಲೆ ಮಾನ್. ಫೋರ್ಡ್ ಕಂಪನಿ ಫಾಯ್ಟ್‌ನನ್ನು ಡ್ಯಾನ್ ಗರ್ನಿಯ ಜೊತೆಗೆ ಹಾಕಿತ್ತು. ಒಬ್ಬರಿಗೊಬ್ಬರು ಸೋಲಲೊಪ್ಪದ ಇವರು ಪೈಪೋಟಿಗೆ ಬಿದ್ದು ಕಾರನ್ನೇ ಹಾಳು ಮಾಡುತ್ತಾರೆ ಎಂದು ಪತ್ರಕರ್ತರು ಭವಿಷ್ಯ ನುಡಿದಿದ್ದರು. ಆದದ್ದು ಬೇರೆ. ಗರ್ನಿ ಉದ್ದ ನೇರ ರಸ್ತೆಯ ತುದಿಗೆ ಬರುವ ಮುಂಚೆಯೇ ಕಾಲು ಸಡಿಲಿಸಿ ಬ್ರೇಕು ಉಳಿಸುತ್ತಿದ್ದ. ಆ ಟ್ರ್ಯಾಕನ್ನು ಹಿಂದೆಂದೂ ಕಾಣದ ಫಾಯ್ಟ್ ಕತ್ತಲಲ್ಲೂ ಹಿಡಿತ ತಪ್ಪದೆ ಓಡಿಸಿದ. ಆರಡಿ ನಾಲ್ಕಂಗುಲದ ಗರ್ನಿಯ ಹೆಲ್ಮೆಟ್ಟಿಗೆ ಜಾಗ ಸಾಲದೆ ಆ ಕಾರಿನ ಛಾವಣಿಯಲ್ಲಿ ಒಂದು ಗುಬ್ಬೆ ಎಬ್ಬಿಸಿದ್ದರು. 388 ಸುತ್ತು, ಸುಮಾರು 5,233 ಕಿಲೋಮೀಟರ್ ಓಡಿ ಇಬ್ಬರೂ ಗೆದ್ದರು. ಅಮೆರಿಕದ ಚಾಲಕರು, ಅಮೆರಿಕದ ಕಾರು, ಅಮೆರಿಕದ ತಂಡ. ವೇದಿಕೆಯ ಮೇಲೆ ಗರ್ನಿ ಷಾಂಪೇನ್ ಬಾಟಲಿ ಅಲುಗಾಡಿಸಿ ಸುತ್ತಲಿದ್ದವರ ಮೇಲೆಲ್ಲ ಚಿಮ್ಮಿಸಿದ. ಇಂದು ಎಲ್ಲ ರೇಸಿನಲ್ಲೂ ನಡೆಯುವ ಆ ಸಂಪ್ರದಾಯ ಅಲ್ಲಿಂದ ಬಂತು. ಫಾಯ್ಟ್ ಮತ್ತೆ ಲೆ ಮಾನ್ ಕಡೆ ತಲೆಹಾಕಲಿಲ್ಲ. ಒಮ್ಮೆ ಹೋದ, ಗೆದ್ದ, ಬಂದ.

ಅದೇ ರಾತ್ರಿ ಆಂಡ್ರೆಟ್ಟಿಯ ಪಾಡು ಬೇರೆಯೇ ಆಗಿತ್ತು. ನಸುಕಿಗೆ ಮುಂಚೆ ಹೊಸ ಬ್ರೇಕ್ ಪ್ಯಾಡ್ ಹಾಕಿಸಿಕೊಂಡು ಪಿಟ್ಟಿನಿಂದ ಹೊರಟ ಅವನ ಮಾರ್ಕ್ 4, ಎಸ್ಸೆಸ್ ಎಂಬ ತಿರುವಿನ ಜಾಗದಲ್ಲಿ ಬ್ರೇಕು ಒತ್ತುತ್ತಲೇ ತಿರುಗಿ ಬಿದ್ದು ಗೋಡೆಗಳಿಗೆ ಬಡಿಯಿತು. ಹಿಂದಿನಿಂದ ಬಂದ ಇನ್ನೆರಡು ಫೋರ್ಡ್‌ಗಳೂ ಅಲ್ಲೇ ನಜ್ಜುಗುಜ್ಜಾದವು. ಅವುಗಳಲ್ಲೊಂದನ್ನು ಓಡಿಸುತ್ತಿದ್ದ ರೋಜರ್ ಮೆಕ್‌ಕ್ಲಸ್ಕಿ ಇಳಿದು ಬಂದು, ಪಕ್ಕೆಲುಬು ಮುರಿದಿದ್ದ ಆಂಡ್ರೆಟ್ಟಿಯನ್ನು ರಸ್ತೆಯಿಂದ ಆಚೆಗೆ ಎಳೆದ.

ಈ ಮೆಕ್‌ಕ್ಲಸ್ಕಿಯ ಹೆಸರು ನವೆಂಬರ್ 26ರಂದು ಮತ್ತೆ ಬರುತ್ತದೆ. ಚಾಂಪಿಯನ್‌ಷಿಪ್ಪಿನ ಕೊನೆಯ ರೇಸು ರಿವರ್‌ಸೈಡ್‌ನ ರೋಡ್ ಕೋರ್ಸಿನಲ್ಲಿ. ಪಟ್ಟ ಫಾಯ್ಟ್‌ಗೋ ಆಂಡ್ರೆಟ್ಟಿಗೋ ಎಂಬುದು ಅಲ್ಲೇ ತೀರ್ಮಾನವಾಗಬೇಕಿತ್ತು. ನಡುವೆ ಫಾಯ್ಟ್‌ನ ಕಾರು ಇನ್ನೊಂದಕ್ಕೆ ಡಿಕ್ಕಿ ಹೊಡೆದು ಕೆಟ್ಟಿತು. ಚಾಲಕ ಇನ್ನೊಬ್ಬನ ಕಾರು ಹತ್ತಿ ಓಟ ಮುಂದುವರಿಸಲು ಆಗ ನಿಯಮ ಅವಕಾಶ ಕೊಡುತ್ತಿತ್ತು. ಮೆಕ್‌ಕ್ಲಸ್ಕಿ ತನ್ನ ಕಾರನ್ನು ಫಾಯ್ಟ್‌ಗೆ ಬಿಟ್ಟುಕೊಟ್ಟ. ಆಂಡ್ರೆಟ್ಟಿಗೆ ಕೊನೆಯಲ್ಲಿ ಇಂಧನ ಸಾಲದೆ ಪಿಟ್ಟಿಗೆ ಬರಬೇಕಾಯಿತು, ಮೂರನೆಯವನಾದ. ಫಾಯ್ಟ್ ಐದನೆಯವನು. ಗೆದ್ದದ್ದು ಗರ್ನಿ. ವರ್ಷದ ಮೊತ್ತ: ಫಾಯ್ಟ್ 3,440, ಆಂಡ್ರೆಟ್ಟಿ 3,360.

ಎಂಟು ರೇಸು ಗೆದ್ದವನು ಐದು ಗೆದ್ದವನಿಗಿಂತ 80 ಅಂಕ ಹಿಂದೆ ಬಿದ್ದ. ಮೇ ತಿಂಗಳ ಆ ಒಂದು ಬೇರಿಂಗು ಮುರಿಯದೆ ಹೋಗಿದ್ದರೆ ಫಾಯ್ಟ್‌ಗೆ 1,000ದ ಬದಲು 800 ಅಂಕ ಬರುತ್ತಿತ್ತು, ಚಾಂಪಿಯನ್ ಆಂಡ್ರೆಟ್ಟಿಯೇ ಆಗುತ್ತಿದ್ದ. 1965ರಲ್ಲಿ ಅವನನ್ನು ಎತ್ತಿದ ಅಂಕಗಣಿತವೇ ಈ ಸಲ ಕೆಡವಿತು. 1968ರಲ್ಲಿ ಇನ್ನೂ ಕಡಿಮೆ ಅಂತರದಲ್ಲಿ, ಚಾಲಕ ಬಾಬಿ ಅನ್ಸರ್ ಎದುರು 11 ಅಂಕದಿಂದ.

ಸುಟ್ಟ ಮುಖ, ಬೇರೆಯವನ ಫೋಟೊ

1969ರ ಮೇ ತಿಂಗಳಲ್ಲಿ ಆಂಡ್ರೆಟ್ಟಿ ಗ್ರಾನಟೆಲ್ಲಿಯ ತಂಡದಲ್ಲಿದ್ದ. ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹರಿಯುವ ಹೊಸ ಲೋಟಸ್ ಕಾರಿನಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಹಿಂಚಕ್ರ ಕಳಚಿ ಗೋಡೆಗೆ ಬಡಿದು ಬೆಂಕಿ ಹತ್ತಿತು. ಮುಖ ಸುಟ್ಟಿತು. ಬ್ರಾನರ್ ಹಳೆಯ ಹಾಕ್ ಕಾರನ್ನು ಹೊರತೆಗೆದ; ಅದರಲ್ಲೇ ಆಂಡ್ರೆಟ್ಟಿ ಮೊದಲ ಸಾಲಿನ ನಡುವಿನ ಜಾಗ ಗಳಿಸಿದ. ಪೋಲ್ ಹಿಡಿದು ಪಕ್ಕದಲ್ಲಿದ್ದವನು ಫಾಯ್ಟ್. ಮೊದಲ ಸಾಲಿನ ಮೂವರ ಫೋಟೊ ತೆಗೆಯುವುದು ಅಲ್ಲಿನ ಪದ್ಧತಿ. ಸುಟ್ಟ ಮುಖವನ್ನು ಕ್ಯಾಮರಾಕ್ಕೆ ತೋರಿಸಲು ಮನಸ್ಸಿಲ್ಲದ ಮಾರಿಯೋ ಅವಳಿ ಸೋದರ ಆಲ್ಡೊನನ್ನು ನಿಲ್ಲಿಸಿದ. ಆ ವರ್ಷದ ಅಧಿಕೃತ ಚಿತ್ರದಲ್ಲಿ ಫಾಯ್ಟ್ ಮತ್ತು ಬಾಬಿ ಅನ್ಸರ್ ಜೊತೆ ನಿಂತಿರುವವನು ರೇಸಿನಲ್ಲಿ ಓಡದ ಆಲ್ಡೊ.

ರೇಸಿನ ಆರಂಭದಲ್ಲಿ ಫಾಯ್ಟ್ ಜೋರಾಗಿದ್ದ. 66 ಸುತ್ತು ಮುಂದಿದ್ದು ಟರ್ಬೊ ತೊಂದರೆಯಿಂದ ಹಿಂದೆ ಬಿದ್ದ. ಲಾಯ್ಡ್ ರೂಬಿ ಪಿಟ್ಟಿನಿಂದ ಹೊರಡುವಾಗ ಇಂಧನದ ಕೊಳವೆ ಇನ್ನೂ ಸಿಕ್ಕಿಕೊಂಡಿದ್ದು ಟ್ಯಾಂಕು ಹರಿದುಹೋಯಿತು. ಎಂಜಿನ್ ಕಾವೇರುತ್ತಿದ್ದ ಆಂಡ್ರೆಟ್ಟಿ ಮಾತ್ರ ಕಾರನ್ನು ಕಾಪಾಡಿಕೊಂಡು ಗುರಿ ಮುಟ್ಟಿ ಗೆದ್ದ. 1967ರಲ್ಲಿ ಟರ್ಬೈನ್ ಕೈಕೊಟ್ಟು ನಿರಾಶನಾಗಿದ್ದ ಗ್ರಾನಟೆಲ್ಲಿ ಓಡಿಬಂದು ಚಾಲಕನ ಕೆನ್ನೆಗೆ ಮುತ್ತಿಟ್ಟ. ಆ ವರ್ಷ ಒಂಬತ್ತು ರೇಸು ಗೆದ್ದ ಆಂಡ್ರೆಟ್ಟಿ ಮೂರನೆಯ ಸಲ ಚಾಂಪಿಯನ್ ಆದ. ಆ ಒಂಬತ್ತರಲ್ಲಿ ಪೈಕ್ಸ್ ಪೀಕ್ ಬೆಟ್ಟ ಹತ್ತಿದ್ದೂ ಸೇರಿದೆ.

ಕವಲೊಡೆದ ದಾರಿ

1971ರಿಂದ ಯುಸ್ಯಾಕ್ ಮಣ್ಣಿನ ರೇಸುಗಳನ್ನು ಮುಖ್ಯ ಚಾಂಪಿಯನ್‌ಷಿಪ್ಪಿನಿಂದ ಬೇರ್ಪಡಿಸಿತು. ಇಬ್ಬರನ್ನೂ ಒಂದೇ ಕಣಕ್ಕೆ ತಂದಿದ್ದ ಕಟ್ಟು ಅಲ್ಲಿಗೆ ಸಡಿಲವಾಯಿತು. ಆಂಡ್ರೆಟ್ಟಿಯ ಕಣ್ಣು ಯುರೋಪಿನ ಮೇಲಿತ್ತು. 1968ರಲ್ಲಿ ತನ್ನ ಮೊದಲ ಫಾರ್ಮುಲಾ ಒನ್ ರೇಸಿಗೇ ವಾಟ್ಕಿನ್ಸ್ ಗ್ಲೆನ್‌ನಲ್ಲಿ ಪೋಲ್ ಹಿಡಿದಿದ್ದ; 1971ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಫೆರಾರಿಗೆ ಗೆಲುವು ತಂದ. ಸೆಬ್ರಿಂಗ್‌ನಲ್ಲಿ 1970ರಲ್ಲಿ ತನ್ನ ಕಾರು ಕೆಟ್ಟು ನಿಂತ ಮೇಲೆ ತಂಡದ ಇನ್ನೊಂದು ಫೆರಾರಿ ಹತ್ತಿ, ನಟ ಸ್ಟೀವ್ ಮೆಕ್ವೀನ್ ಮತ್ತು ಪೀಟರ್ ರೆವ್ಸನ್ ಓಡಿಸುತ್ತಿದ್ದ ಪೋರ್ಷೆಯನ್ನು ಕೊನೆಯ ಗಳಿಗೆಯಲ್ಲಿ ಹಿಂದಿಕ್ಕಿದ. 1972ರ ಫೆಬ್ರುವರಿ ಆರಂಭದಲ್ಲಿ ಡೇಟೋನಾದಲ್ಲಿ ಜಾಕಿ ಇಕ್ಸ್ ಜೊತೆ ಆರು ಗಂಟೆಯ ರೇಸು ಗೆದ್ದ. ಎರಡು ವಾರ ಕಳೆಯಿತು. ಅದೇ ಡೇಟೋನಾದಲ್ಲಿ ಫಾಯ್ಟ್ ವುಡ್ ಸೋದರರ ಮರ್ಕ್ಯುರಿ ಓಡಿಸಿ, ಎರಡನೆಯವನಿಗಿಂತ ಒಂದು ಸುತ್ತಿಗೂ ಹೆಚ್ಚು ಮುಂದಿದ್ದು ಡೇಟೋನಾ 500 ಗೆದ್ದ. ಒಂದೇ ಟ್ರ್ಯಾಕು, ಒಂದೇ ತಿಂಗಳು, ಭೇಟಿ ಮಾತ್ರ ಇಲ್ಲ. ಎಪ್ಪತ್ತರ ದಶಕದ ಇವರ ಪೈಪೋಟಿ ಬಹುಮಟ್ಟಿಗೆ ಹೀಗೇ ಇತ್ತು.

1978ರಲ್ಲಿ ಆಂಡ್ರೆಟ್ಟಿ ಲೋಟಸ್ 79 ಕಾರಿನಲ್ಲಿ ವಿಶ್ವ ಚಾಂಪಿಯನ್ ಆದ. ಕಾರಿನ ಎರಡು ಬದಿಯನ್ನೂ ತಲೆಕೆಳಗಾದ ವಿಮಾನದ ರೆಕ್ಕೆಯಂತೆ ರೂಪಿಸಿ, ಅಡಿಯಲ್ಲಿ ಹಾಯುವ ಗಾಳಿಯೇ ಕಾರನ್ನು ನೆಲಕ್ಕೆ ಎಳೆಯುವಂತೆ ಮಾಡಿದ ವಿನ್ಯಾಸ ಅದು. ಆಂಡ್ರೆಟ್ಟಿ ಅದಕ್ಕೆ ಅಮೆರಿಕದ ಓವಲ್‌ಗಳಲ್ಲಿ ಕಲಿತ ಒಂದು ಉಪಾಯ ಸೇರಿಸಿದ: ಹಿಂದಿನ ಎರಡು ಟೈರುಗಳ ಸುತ್ತಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿರುವಂತೆ ಆರಿಸಿ ಕಾರನ್ನು ತಿರುವಿಗೆ ಒಗ್ಗಿಸುವುದು. ಪಟ್ಟ ಖಚಿತವಾದದ್ದು ಹುಡುಗನಾಗಿದ್ದಾಗ ಅಸ್ಕಾರಿಯನ್ನು ನೋಡಿದ ಮೊಂಜಾದಲ್ಲೇ. ಆದರೆ ಆ ದಿನ ಆರಂಭದ ಅಪಘಾತದಲ್ಲಿ ಗಾಯಗೊಂಡ ಜೊತೆಗಾರ ರೋನಿ ಪೀಟರ್ಸನ್ ಮರುದಿನ ಬೆಳಿಗ್ಗೆ ತೀರಿಕೊಂಡ. ಸಂಭ್ರಮಕ್ಕೆ ಎಡೆಯೇ ಇರಲಿಲ್ಲ.

ಫಾಯ್ಟ್ ಅತ್ತ ತನ್ನದೇ ಸಾಮ್ರಾಜ್ಯ ಕಟ್ಟಿಕೊಂಡಿದ್ದ. ಫೋರ್ಡ್ ಕೈಬಿಟ್ಟ ಎಂಟು ಸಿಲಿಂಡರಿನ ಎಂಜಿನ್ನನ್ನು ತಾನೇ ವಹಿಸಿಕೊಂಡು, ತನ್ನ ಹೆಸರಿಟ್ಟು, ಕಯೊಟಿ ಚಾಸಿಗೆ ಕೂರಿಸಿ 1977ರಲ್ಲಿ ನಾಲ್ಕನೆಯ ಸಲ ಇಂಡಿಯಾನಾಪೊಲಿಸ್ ಗೆದ್ದ. ನಾಲ್ಕು ಸಲ ಗೆದ್ದವರಲ್ಲಿ ಮೊದಲಿಗ. ತನ್ನ ಹೆಸರಿನ ಎಂಜಿನ್, ತನ್ನ ಗ್ಯಾರೇಜಿನ ಚಾಸಿ, ತನ್ನ ತಂಡ, ಸ್ಟೀರಿಂಗ್ ಹಿಡಿದವನೂ ತಾನೇ; ಆಂಡ್ರೆಟ್ಟಿಯ ಪಟ್ಟಿಯಲ್ಲಿ ಇದಕ್ಕೆ ಸರಿದೂಗುವುದು ಇಲ್ಲ. 1979ರಲ್ಲಿ ಬಹುತೇಕ ತಂಡಗಳು ಯುಸ್ಯಾಕ್ ಬಿಟ್ಟು ಕಾರ್ಟ್ ಎಂಬ ಹೊಸ ಸಂಸ್ಥೆ ಕಟ್ಟಿದಾಗ ಫಾಯ್ಟ್ ಹಳೆಯದರಲ್ಲೇ ಉಳಿದ. ಆ ವರ್ಷದ ಅವನ ಏಳನೆಯ ಚಾಂಪಿಯನ್‌ಷಿಪ್ ಬಲಹೀನ ಕಣದಲ್ಲಿ ಬಂದದ್ದು ಎಂಬುದನ್ನು ಹೇಳದೆ ವಿಧಿಯಿಲ್ಲ. ಆಂಡ್ರೆಟ್ಟಿಯ ನಾಲ್ಕನೆಯದು 1984ರಲ್ಲಿ, ನಟ ಪಾಲ್ ನ್ಯೂಮನ್ ಪಾಲುದಾರನಾಗಿದ್ದ ತಂಡದಲ್ಲಿ.

ಇಂಡಿಯಾನಾಪೊಲಿಸ್‌ನ ಲೆಕ್ಕ

ಈ ಒಂದು ಜಾಗದಲ್ಲಿ ಮಾತ್ರ ಇಬ್ಬರೂ ವರ್ಷ ತಪ್ಪಿದರೂ ಮತ್ತೆ ಮತ್ತೆ ಸಂಧಿಸುತ್ತಿದ್ದರು. ಫಾಯ್ಟ್ 1958ರಿಂದ 1992ರವರೆಗೆ ಸತತ 35 ಸಲ ಓಡಿ ನಾಲ್ಕು ಸಲ ಗೆದ್ದ. ಆಂಡ್ರೆಟ್ಟಿ ಒಂದು ಸಲ. ಆದರೆ ಅಲ್ಲಿ ಎಲ್ಲರಿಗಿಂತ ಮುಂದೆ ಓಡಿದ ಸುತ್ತುಗಳನ್ನು ಕೂಡಿಸಿದರೆ ಫಾಯ್ಟ್ 555, ಆಂಡ್ರೆಟ್ಟಿ 556. ಒಂದೇ ಸುತ್ತಿನ ವ್ಯತ್ಯಾಸ, ಅದೂ ಸೋತವನ ಪರವಾಗಿ.

ಆಂಡ್ರೆಟ್ಟಿಗೆ ಅಲ್ಲಿ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. 1981ರಲ್ಲಿ ಮೊದಲು ಗೆರೆ ದಾಟಿದ ಬಾಬಿ ಅನ್ಸರ್ ಹಳದಿ ಬಾವುಟದ ವೇಳೆ ನಿಯಮ ಮೀರಿದ್ದಕ್ಕೆ ಮರುದಿನ ಬೆಳಿಗ್ಗೆ ಆಂಡ್ರೆಟ್ಟಿಯನ್ನು ವಿಜಯಿ ಎಂದು ಘೋಷಿಸಿದರು. ಅಕ್ಟೋಬರಿನಲ್ಲಿ ಮೇಲ್ಮನವಿಯ ತೀರ್ಪು ಬಂದು ಅನ್ಸರ್‌ಗೆ 40,000 ಡಾಲರ್ ದಂಡ ಹಾಕಿ ಗೆಲುವು ಹಿಂದಿರುಗಿಸಿದರು. 1987ರಲ್ಲಿ ಮೊದಲ 177 ಸುತ್ತುಗಳಲ್ಲಿ 170ರಲ್ಲಿ ಮುಂದಿದ್ದ ಆಂಡ್ರೆಟ್ಟಿಯ ಕಾರು ಕೆಟ್ಟಿತು. ಗೆದ್ದದ್ದು ಆಲ್ ಅನ್ಸರ್, ಅವನ ನಾಲ್ಕನೆಯದು. ಫಾಯ್ಟ್‌ನ ದಾಖಲೆಗೆ ಮೊದಲ ಪಾಲುದಾರ ಹುಟ್ಟಿದ್ದು ಆಂಡ್ರೆಟ್ಟಿಯ ದುರದೃಷ್ಟದಿಂದ ಎಂಬುದು ವಿಚಿತ್ರ.

1982ರಲ್ಲಿ ಇಬ್ಬರೂ ಒಟ್ಟಿಗೆ ಸಿಟ್ಟಾದ ಅಪರೂಪದ ಪ್ರಸಂಗ. ರೇಸು ಶುರುವಾಗುವ ಗೆರೆಯನ್ನು ಮುಟ್ಟುವ ಮುನ್ನವೇ ಮೊದಲ ಸಾಲಿನ ನಡುವೆ ಇದ್ದ ಕೆವಿನ್ ಕೋಗನ್‌ನ ಕಾರು ಇದ್ದಕ್ಕಿದ್ದಂತೆ ಬಲಕ್ಕೆ ಹೊರಳಿ ಫಾಯ್ಟ್‌ಗೆ ಬಡಿದು, ಹಿಂದಿನ ಸಾಲಿನ ಆಂಡ್ರೆಟ್ಟಿಗೆ ಅಡ್ಡ ಬಂತು. ಆಂಡ್ರೆಟ್ಟಿಯ ರೇಸು ಶುರುವಾಗುವ ಮೊದಲೇ ಮುಗಿಯಿತು. ಇಬ್ಬರೂ ಟೀವಿ ಕ್ಯಾಮರಾದ ಮುಂದೆ ಹುಡುಗನನ್ನು ತರಾಟೆಗೆ ತೆಗೆದುಕೊಂಡರು. ಫಾಯ್ಟ್‌ನ ಕಾರನ್ನು ರಿಪೇರಿ ಮಾಡಿ ಮರು ಆರಂಭಕ್ಕೆ ತಂದರು. ಸ್ವಲ್ಪ ಹೊತ್ತು ಮುಂದೆಯೂ ಇದ್ದ. ಆಮೇಲೆ ಗೇರ್ ಸಿಕ್ಕಿಕೊಂಡಿತು. ಪಿಟ್ಟಿಗೆ ಬಂದು ಹೆಲ್ಮೆಟ್ಟು ತೊಟ್ಟಂತೆಯೇ ಇಳಿದ 47ರ ಫಾಯ್ಟ್, ಮೆಕ್ಯಾನಿಕ್‌ಗಳನ್ನು ಪಕ್ಕಕ್ಕೆ ಸರಿಸಿ, ತಾನೇ ಸುತ್ತಿಗೆ ಹಿಡಿದು ಗೇರ್‌ಬಾಕ್ಸಿಗೆ ಬಡಿಯತೊಡಗಿದ. ಗೇರ್‌ಬಾಕ್ಸು ಮಣಿಯಲಿಲ್ಲ.

ಜೊತೆಗಾರ ಸವ್ಯಸಾಚಿಗಳು

ಈ ಜೋಡಿಯ ನೆರಳಲ್ಲಿ ಉಳಿದುಹೋದ ಕೆಲವರಿದ್ದಾರೆ. ಡ್ಯಾನ್ ಗರ್ನಿ ಲೆ ಮಾನ್ ಗೆದ್ದ ಮುಂದಿನ ಭಾನುವಾರವೇ ತಾನೇ ಕಟ್ಟಿಸಿದ ಈಗಲ್ ಕಾರಿನಲ್ಲಿ ಬೆಲ್ಜಿಯಂ ಗ್ರ್ಯಾನ್ ಪ್ರಿ ಗೆದ್ದ. ರಿವರ್‌ಸೈಡ್‌ನ 500 ಮೈಲಿಯ ಸ್ಟಾಕ್ ಕಾರ್ ರೇಸನ್ನು ಐದು ಸಲ ಗೆದ್ದ. ಪಾರ್ನೆಲಿ ಜೋನ್ಸ್ 1963ರ ಇಂಡಿಯಾನಾಪೊಲಿಸ್ ವಿಜಯಿ. ಬಾಹಾ ಮರುಭೂಮಿಯ ರೇಸು, ಮಸ್ಟ್ಯಾಂಗಿನ ಟ್ರಾನ್ಸ್-ಆ್ಯಮ್ ಪಟ್ಟ, ಮಣ್ಣಿನ ಸ್ಪ್ರಿಂಟ್ ಕಾರು ಯಾವುದನ್ನೂ ಬಿಡಲಿಲ್ಲ. ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ಫಾಯ್ಟ್‌ಗೆ ನಿಜವಾದ ಎದುರಾಳಿ ಅವನೇ. ಎಂಜಿನಿಯರಿಂಗ್ ಓದಿದ್ದ ಮಾರ್ಕ್ ಡೊನೊಹ್ಯೂ 1972ರಲ್ಲಿ ಇಂಡಿಯಾನಾಪೊಲಿಸ್, 1973ರಲ್ಲಿ ಕ್ಯಾನ್-ಆ್ಯಮ್ ಪಟ್ಟ ಗೆದ್ದು 1975ರಲ್ಲಿ ಆಸ್ಟ್ರಿಯಾದಲ್ಲಿ ಸತ್ತ. ಎಲ್ಲರನ್ನೂ ಒಂದೇ ಮಾದರಿಯ ಕಾರಿಗೆ ಹತ್ತಿಸಿ ತೀರ್ಪು ಕೇಳುವ ಐರಾಕ್ ಎಂಬ ಸರಣಿ ಶುರುವಾದದ್ದು 1973ರಲ್ಲಿ. ಮೊದಲ ಸಲ ಗೆದ್ದವನು ಡೊನೊಹ್ಯೂ, ಮೂರನೆಯ ಮತ್ತು ನಾಲ್ಕನೆಯ ಸಲ ಫಾಯ್ಟ್, ಆರನೆಯ ಸಲ ಆಂಡ್ರೆಟ್ಟಿ. ಅಲ್ಲೂ ವಾದ ಮುಗಿಯಲಿಲ್ಲ.

ಸ್ವಭಾವ ಮತ್ತು ಸಂಬಂಧ

ಇಬ್ಬರೂ ಹಾವು–ಮುಂಗುಸಿ ಎಂದು ಬರೆಯುವುದು ಪತ್ರಿಕೆಗಳಿಗೆ ರೂಢಿಯಾಗಿತ್ತು. ಫಾಯ್ಟ್‌ನ ಸಿಟ್ಟು ಹೆಸರಾದದ್ದೇ. ತಂಡದ ಮಾಲೀಕನಾದ ಮೇಲೂ, 1997ರಲ್ಲಿ ಟೆಕ್ಸಸ್‌ನಲ್ಲಿ ತನ್ನ ತಂಡ ಸಂಭ್ರಮಿಸುತ್ತಿದ್ದ ವಿಜಯ ವೇದಿಕೆಗೆ ಬಂದು ಗೆದ್ದದ್ದು ತಾನು ಎಂದು ವಾದಿಸಿದ ಆರಿ ಲಾಯೆಂಡೈಕ್‌ಗೆ ಎಲ್ಲರೆದುರೇ ಕೈಮಾಡಿದ. ಗೆದ್ದದ್ದು ಲಾಯೆಂಡೈಕ್‌ನೇ ಎಂದು ಆಮೇಲೆ ತೀರ್ಮಾನವಾಯಿತು. ಆಂಡ್ರೆಟ್ಟಿ ಮಾತಿನಲ್ಲಿ ನಯ, ಟ್ರ್ಯಾಕಿನಲ್ಲಿ ಅಲ್ಲ. ಆದರೆ ಮನೆಯೊಳಗಿನ ಸಂಬಂಧ ಬೇರೆ ಕಥೆ ಹೇಳುತ್ತದೆ. ಆಲ್ಡೊನ ಮಗ ಜಾನ್ ಆಂಡ್ರೆಟ್ಟಿಗೆ ಕ್ರೈಸ್ತ ಪದ್ಧತಿಯಂತೆ ಗಾಡ್‌ಫಾದರ್ ಆದವನು ಎ. ಜೆ. ಫಾಯ್ಟ್.

ದೀರ್ಘ ರೇಸುಗಳಲ್ಲಿ ಇನ್ನೊಂದು ಕೊಂಡಿ ಫ್ರಾನ್ಸಿನ ಬಾಬ್ ವೋಲೆಕ್. 1983ರಲ್ಲಿ ಡೇಟೋನಾದ 24 ಗಂಟೆಯ ರೇಸಿನ ನಡುವೆ, ತನ್ನ ಕಾರು ಕೆಟ್ಟು ಸುಮ್ಮನಿದ್ದ ಫಾಯ್ಟ್‌ನನ್ನು ಮಾಲೀಕರು ವೋಲೆಕ್‌ನ ಪೋರ್ಷೆಗೆ ಹತ್ತಿಸಿದಾಗ ವೋಲೆಕ್ ಸಿಡಿಮಿಡಿಗೊಂಡ. ಮಳೆಯಲ್ಲಿ ಫಾಯ್ಟ್ ಓಡಿಸಿದ ರೀತಿ ನೋಡಿ ಸುಮ್ಮನಾದ, ಗೆದ್ದರು. 1985ರಲ್ಲಿ ಡೇಟೋನಾ, ಸೆಬ್ರಿಂಗ್ ಎರಡನ್ನೂ ಜೊತೆಯಾಗಿ ಗೆದ್ದರು. ಹತ್ತು ವರ್ಷದ ಮೇಲೆ, 1995ರಲ್ಲಿ, ಇದೇ ವೋಲೆಕ್ ಜೊತೆ ಲೆ ಮಾನ್‌ನಲ್ಲಿ ಓಡಿದ 55ರ ಆಂಡ್ರೆಟ್ಟಿ ಎರಡನೆಯವನಾಗಿ ಬಂದ. ಅವನಿಗೆ ದಕ್ಕದೆ ಹೋದ ದೊಡ್ಡ ರೇಸು ಅದೊಂದೇ. ಅದರಲ್ಲಿ ಮತ್ತೆ ಓಡಲು 60ನೆಯ ವಯಸ್ಸಿನಲ್ಲೂ ಹೋದ.

ನಿವೃತ್ತಿ, ಅನಂತರ

1993ರ ಏಪ್ರಿಲ್‌ನಲ್ಲಿ ಫೀನಿಕ್ಸ್‌ನಲ್ಲಿ 53ರ ಆಂಡ್ರೆಟ್ಟಿ ತನ್ನ 52ನೆಯ ಹಾಗೂ ಕೊನೆಯ ಇಂಡಿಕಾರ್ (ಯುಸ್ಯಾಕ್, ಕಾರ್ಟ್ ಚಾಂಪಿಯನ್‌ಷಿಪ್‌ಗಳ) ಗೆಲುವು ಪಡೆದ. ಮರುತಿಂಗಳು 15ರಂದು ಇಂಡಿಯಾನಾಪೊಲಿಸ್‌ನಲ್ಲಿ 58ರ ಫಾಯ್ಟ್ ಕೊನೆಯ ಒಂದು ಸುತ್ತು ಹೊಡೆದು ನಿವೃತ್ತನಾದ; ಅವನ 67 ಗೆಲುವಿನ ದಾಖಲೆ ಇನ್ನೂ ಮುರಿದಿಲ್ಲ. ಆಂಡ್ರೆಟ್ಟಿಯನ್ನು 2022ರಲ್ಲಿ ಸ್ಕಾಟ್ ಡಿಕ್ಸನ್ ದಾಟಿದ. 1999ರ ಡಿಸೆಂಬರಿನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಶತಮಾನದ ಚಾಲಕನನ್ನು ಆರಿಸಲು ತಜ್ಞರನ್ನು ಕೇಳಿದಾಗ ಇಬ್ಬರಿಗೂ ಸಮನಾಗಿ ಮತ ಬಿತ್ತು.

1994ರ ಮೇ 29ರಂದು ಜಾನ್ ಆಂಡ್ರೆಟ್ಟಿ ಫಾಯ್ಟ್‌ನ ತಂಡದ ಕಾರಿನಲ್ಲಿ ಇಂಡಿಯಾನಾಪೊಲಿಸ್ 500 ಓಡಿ ಹತ್ತನೆಯವನಾಗಿ ಮುಗಿಸಿ, ವಿಮಾನ ಹತ್ತಿ, ಅದೇ ಸಂಜೆ ಷಾರ್ಲಟ್‌ನ 600 ಮೈಲಿಯ ಸ್ಟಾಕ್ ಕಾರ್ ರೇಸಿಗೂ ಹಾಜರಾದ. ಒಂದೇ ದಿನ ಎರಡೂ ಕಡೆ ಓಡಿದ ಮೊದಲಿಗ ಅವನು. ಫಾಯ್ಟ್‌ನನ್ನು ಆದರ್ಶವಾಗಿಟ್ಟುಕೊಂಡಿದ್ದ ಟೋನಿ ಸ್ಟೀವರ್ಟ್ 2001ರಲ್ಲಿ ಆ 1,100 ಮೈಲಿಯನ್ನೂ ಪೂರ್ತಿ ಓಡಿದ. ಸ್ಟಾಕ್ ಕಾರು ಮತ್ತು ಮಣ್ಣಿನ ಸ್ಪ್ರಿಂಟ್ ಕಾರು ಎರಡರಲ್ಲೂ ಈಗಿನ ಪೀಳಿಗೆಯ ಅಗ್ರಗಣ್ಯನಾದ ಕೈಲ್ ಲಾರ್ಸನ್ 2024ರಲ್ಲಿ ಯತ್ನಿಸಿದಾಗ ಮಳೆ ಅಡ್ಡ ಬಂತು. 2025ರಲ್ಲಿ ಎರಡೂ ರೇಸಿನಲ್ಲಿ ಅವನ ಕಾರು ಅಪಘಾತಕ್ಕೀಡಾಗಿ ಹೊರಬಿತ್ತು.